ದೇವರ ಮುಂದಿಟ್ಟ ನಾಣ್ಯ

ಆಗಸ್ಟ್ ಕೊನೆಯ ಶನಿವಾರ ಮಧ್ಯಾಹ್ನ ಮೂರಕ್ಕೆ, ಇಂಗ್ಲೆಂಡಿನಲ್ಲಿ ನಾನಿರುವ ಊರು ವಿದನ್‌ಶಾ ಬಿಟ್ಟೆ. ಎರಡಕ್ಕೇ ಬಿಡಬೇಕಿತ್ತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಸೋಮವಾರದ ಬ್ಯಾಂಕ್ ಹಾಲಿಡೇ ಸೇರಿ ಸಿಗುವ ಆ ಎರಡೂವರೆ ದಿನದ ರಜೆಗಾಗಿ ಜೂನ್ ತಿಂಗಳಿಂದ ಡ್ಯೂಟಿಯ ರೋಟಾ ಬರೆಯುವವರ ಬೆನ್ನು ಹತ್ತಿದ್ದೆ. ಕೊನೇ ಗಳಿಗೆಯಲ್ಲಿ ಒಂದೇ ಒಂದು ಮುಂಗೈ ನೋಡಿ ಹೋಗು ಎಂದು ನಿಲ್ಲಿಸಿಕೊಂಡರು. ಒಂದು ಮುಂಗೈ ಹೋಗಿ ನಾಲ್ಕಾಯಿತು. ನಾನು ಕಾರಿನ ಬಾಗಿಲು ಬಡಿದ ಸದ್ದಿಗೆ ಪಾರ್ಕಿಂಗಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಶೈಲಾಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗದಗಿನಲ್ಲಿ ಅವ್ವ ಹೇಳುತ್ತಿದ್ದಳು. ಇದನ್ನು ಓದುವವರಿಗೂ ಅದು ಮೊದಲೇ ಗೊತ್ತಿರಲಿ.

ಕಾರಿನ ಡಿಕ್ಕಿಯಲ್ಲಿ ಮೆಟಲ್ ಡಿಟೆಕ್ಟರ್, ಹೆಡ್‌ಫೋನ್, ಸಣ್ಣ ಸನಿಕೆ, ಮೊಣಕಾಲಿಗೆ ಹಾಕುವ ಪಟ್ಟಿ, ಹತ್ತು ಪ್ಲಾಸ್ಟಿಕ್ ಡಬ್ಬಿಗಳಿದ್ದವು. ಹೊಲದಲ್ಲಿ ಹೂತ ಹಳೆಯ ನಾಣ್ಯ ಹುಡುಕುವುದು ಆರು ವರ್ಷದಿಂದ ನನ್ನ ಹವ್ಯಾಸ. ನಮ್ಮವರಿಗೆ ಇದನ್ನು ಹೇಳಿದರೆ ಚಿನ್ನ ಸಿಕ್ತಾ ಎಂದು ಕೇಳುತ್ತಾರೆ. ಇಲ್ಲ ಎಂದರೆ ಮತ್ತೆ ಯಾಕೆ ಹೋಗುತ್ತೀಯ ಎನ್ನುತ್ತಾರೆ. ಮನೆಯಲ್ಲಿ ಕೂತು ಹೆರವರ ಮಕ್ಕಳ ಮಾರ್ಕ್ಸು ಲೆಕ್ಕ ಹಾಕುವುದಕ್ಕಿಂತ ವಾಸಿ ಎಂದು ಉತ್ತರ ಕೊಟ್ಟು ಎರಡು ಮನೆಗಳ ಊಟದ ಕರೆ ಕಳೆದುಕೊಂಡಿದ್ದೇನೆ.

ಇಂಗ್ಲೆಂಡಿನಲ್ಲಿ ಕಂಡಕಂಡ ಹೊಲದಲ್ಲಿ ಅಗೆಯುವಂತಿಲ್ಲ. ಹೊಲದವರ ಒಪ್ಪಿಗೆ ಬೇಕು. ಎರಡು ವರ್ಷದಲ್ಲಿ ನಾನು ಹನ್ನೊಂದು ಜನ ರೈತರಿಗೆ ಕೈಯಾರೆ ಪತ್ರ ಬರೆದಿದ್ದೆ. ಒಂಬತ್ತು ಜನ ಉತ್ತರವನ್ನೇ ಕೊಡಲಿಲ್ಲ. ಒಬ್ಬ ಫೋನಿನಲ್ಲಿ ನನ್ನ ಹೆಸರು ಕೇಳಿದ ಮೇಲೆ, ಹೊಲ ಈಗಾಗಲೇ ಬೇರೆಯವರಿಗೆ ಕೊಟ್ಟಾಗಿದೆ ಅಂದ. ಅದೇ ಹೊಲದಲ್ಲಿ ಮುಂದಿನ ತಿಂಗಳು ನಮ್ಮ ಕ್ಲಬ್ಬಿನ ಗಂಡಸೊಬ್ಬನಿಗೆ ಅನುಮತಿ ಸಿಕ್ಕಿತು. ಉಳಿದವರು ಬ್ರೆಂಡಾ ಒಬ್ಬರೇ. ಎಪ್ಪತ್ತು ದಾಟಿದ ಹೆಂಗಸು, ಲೀಡ್ಸ್‌ನ ಪೂರ್ವಕ್ಕೆ ಹದಿನೈದು ಮೈಲಿ ದೂರದ ಹೊಲ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ವಾರವೇ ಕಳ್ಳರು ಬಂದು ಬಗೆದು ಹೋಗುತ್ತಾರೆ. ದನದ ಮೇವಿನ ಬಿಲ್ಲಿನ ಹಿಂದೆ ಅವರು ಬರೆದಿದ್ದು ಮೂರೇ ಸಾಲು: ಬನ್ನಿ. ತೋಡಿದ ಗುಂಡಿ ಮುಚ್ಚಿ. ಏನು ಸಿಕ್ಕರೂ ಮೊದಲು ನಾನು ನೋಡಬೇಕು, ಮಣ್ಣಿನ ಸಮೇತ.

ಆ ಕೊನೆಯ ಮಾತಿಗೆ ಕಾರಣವಿತ್ತು. ಹಿಂದೆ ಯಾರೋ ಇಬ್ಬರು ಆ ಹೊಲದಲ್ಲಿ ಸಿಕ್ಕಿದ ನಾಣ್ಯವನ್ನು ಮನೆಗೆ ಒಯ್ದು, ಉಜ್ಜಿ ಪಾಲಿಶ್ ಹಾಕಿ, ಅಂಗಿಯ ಹೊಸ ಗುಂಡಿಯ ಹಾಗೆ ಮಾಡಿ ತಂದುಕೊಟ್ಟಿದ್ದರಂತೆ. ಅವತ್ತಿನಿಂದ ಬ್ರೆಂಡಾ ಯಾರನ್ನೂ ಒಳಗೆ ಬಿಟ್ಟಿರಲಿಲ್ಲ. ನಾನು ಫೋನಿನಲ್ಲಿ ಮಾತು ಕೊಟ್ಟೆ, ಒಂದು ಹನಿ ನೀರೂ ತಾಗಿಸುವುದಿಲ್ಲ ಎಂದು. ಈ ಸಲ ಸರಿಹೋದರೆ ಪ್ರತಿ ವರ್ಷ ಕೊಯ್ಲಾದ ಮೇಲೆ ಬರಬಹುದು ಎಂದರು.

ಎಂ ಅರವತ್ತೆರಡು ಹೆದ್ದಾರಿಯಲ್ಲಿ ಬೆಟ್ಟ ಹತ್ತುವ ಕಡೆ ಒಂದು ಕ್ಯಾರವಾನ್ ಕೆಟ್ಟು ನಿಂತು, ಐವತ್ತು ಮೈಲಿಯ ದಾರಿಗೆ ಎರಡೂಮುಕ್ಕಾಲು ತಾಸು ಹಿಡಿಯಿತು. ಹೋಗುವ ಬರುವ ರಸ್ತೆಗಳ ನಡುವೆ ಸಿಕ್ಕಿಕೊಂಡಿರುವ ಆ ಒಂಟಿ ತೋಟದ ಮನೆಯನ್ನು ಇಪ್ಪತ್ತು ನಿಮಿಷ ನೋಡುತ್ತ ಕೂತೆ. ಅಲ್ಲಿಯ ಕುರಿಗಳು ನನಗಿಂತ ನೆಮ್ಮದಿಯಾಗಿದ್ದವು. ಲೀಡ್ಸ್ ಸ್ಟೇಷನ್ನಿನಲ್ಲಿ ಶಾಹಿದಾಳನ್ನು ಹತ್ತಿಸಿಕೊಳ್ಳಬೇಕಿತ್ತು. ಅವಳು ವಿಜಯಪುರದವಳು, ಡರ್ಬಿಯಲ್ಲಿ ವಿಮಾನದ ಎಂಜಿನ್ ಮಾಡುವ ಕಡೆ ಎಂಜಿನಿಯರ್. ಕೊವೆಂಟ್ರಿಯ ಯುಗಾದಿ ಊಟದಲ್ಲಿ ಪರಿಚಯವಾಗಿ, ನನ್ನ ಹವ್ಯಾಸ ಕೇಳಿ ನಗದೆ ಇದ್ದ ಒಬ್ಬಳೇ ಹುಡುಗಿ. ಮೂವತ್ತು ಪೌಂಡಿನಷ್ಟು ಕೊಟ್ಟು ಟಿಕೆಟ್ ತೆಗೆದಿದ್ದಳು, ಆ ರೈಲು ರದ್ದಾಗಿ ಮುಂದಿನದರಲ್ಲಿ ಶೆಫೀಲ್ಡ್‌ವರೆಗೆ ನಿಂತೇ ಬಂದಿದ್ದಳು. ನಾನು ರೈಲಿನವರನ್ನು ಬೈದೆ. ಅವಳು ತಾನು ತಂದ ಬಿಸ್ಕತ್ತು ಮುರಿದು ಅರ್ಧ ನನ್ನ ಕೈಗಿಟ್ಟಳು.

ಉಳಿದುಕೊಂಡಿದ್ದು ಅಲ್ಲೇ ಲೀಡ್ಸ್‌ನಲ್ಲಿರುವ ನನ್ನ ಅಣ್ಣನ ಮನೆಯಲ್ಲಿ. ಅಣ್ಣ ಡಾಕ್ಟರ್, ಆ ಮೂರೂ ದಿನ ಡ್ಯೂಟಿಯ ಮೇಲಿದ್ದ. ಅವನ ಹೆಂಡತಿ ಗಿರಿಜಾ ವೈನಿ ಒಬ್ಬರೇ ಇದ್ದರು. ಬ್ರಾಡ್‌ಫರ್ಡಿನಿಂದ ಜೋಳದ ಹಿಟ್ಟು ತರಿಸಿ ರೊಟ್ಟಿ ಬಡಿದಿದ್ದರು, ಜೊತೆಗೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಶಾಹಿದಾ ಮೂರು ರೊಟ್ಟಿ ತಿಂದು ಊರು ನೆನಪಾಯಿತು ಅಂದಳು. ವೈನಿಯ ಅಡುಗೆಮನೆಯ ಒಂದು ಮೂಲೆಯಲ್ಲಿ ದೇವರ ಜಗಲಿ. ಬೆಳ್ಳಿಯ ಲಿಂಗ, ಹಿತ್ತಾಳೆಯ ತಟ್ಟೆ, ದೀಪದ ಸಮೆ, ಗಂಟೆ, ಎಲ್ಲ ನಮ್ಮ ಗದಗಿನ ಮನೆಯಲ್ಲಿದ್ದ ಕ್ರಮದಲ್ಲೇ ಇಟ್ಟಿದ್ದಾರೆ.

ಭಾನುವಾರ ಎಂಟಕ್ಕೆ ಹೊಲದಲ್ಲಿದ್ದೆವು. ಗೋಧಿ ಕೊಯ್ದು ಬರೀ ಕೂಳೆ ಉಳಿದ ಮೂವತ್ತು ಎಕರೆ, ಮೋಡ, ಸಣ್ಣ ಗಾಳಿ. ಬ್ರೆಂಡಾ ಯಾರ್ಕ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದರು, ಸೋಮವಾರ ಬೆಳಿಗ್ಗೆ ಬರುವವರಿದ್ದರು. ಮಧ್ಯಾಹ್ನದವರೆಗೆ ಸಿಕ್ಕಿದ್ದು ಬಿಯರ್ ಡಬ್ಬಿಯ ಕಿವಿ ಹದಿನಾಲ್ಕು, ಬಂದೂಕಿನ ತೋಟೆಯ ತಳ ಆರು, ಸೀಸದ ಗಟ್ಟಿ ಒಂದು, ಟ್ರ್ಯಾಕ್ಟರಿನ ಯಾವುದೋ ಬೋಲ್ಟು. ಶಾಹಿದಾ ಆ ಬೋಲ್ಟನ್ನು ತಿರುಗಿಸಿ ನೋಡಿ ಅದರ ಅಳತೆ ಹೇಳಿದಳು.

ಹೊಲದ ಅಂಚಿನಲ್ಲಿ ಜನ ಓಡಾಡುವ ಕಾಲುದಾರಿ ಇದೆ. ಬೆಳಿಗ್ಗೆಯಿಂದ ಮೂರು ಜನ ನಾಯಿ ಹಿಡಿದು ಬಂದರು, ಮೂವರೂ ನಿಂತು ಕೇಳಿದ್ದು ಒಂದೇ. "ಪರ್ಮಿಷನ್ ಇದೆಯಾ, ಲವ್?" ಲವ್ ಎಂದರೆ ಇಲ್ಲಿ ತಂಗಿ, ಅಮ್ಮ ಎಂದ ಹಾಗೆ. ಮೊದಲನೆಯವನಿಗೆ ಬ್ರೆಂಡಾ ಬರೆದ ಚೀಟಿ ತೋರಿಸಿದೆ. ಎರಡನೆಯವಳಿಗೂ ತೋರಿಸಿದೆ. ಮೂರನೆಯವನಿಗೆ, ನಿಮ್ಮ ನಾಯಿ ಹೊಲದಲ್ಲಿ ಕೂತಿದೆಯಲ್ಲ, ಅದಕ್ಕೆ ಪರ್ಮಿಷನ್ ಇದೆಯೇ ಎಂದು ಕೇಳಿದೆ. ಕ್ಲಬ್ಬಿನ ಗಂಡಸರ ಜೊತೆ ಇಂಥ ಎಷ್ಟೋ ಹೊಲಕ್ಕೆ ಹೋಗಿದ್ದೇನೆ. ಅಲ್ಲಿ ಯಾರೂ ಯಾರನ್ನೂ ಕೇಳಿದ್ದು ಕಾಣೆ. ಹದಿನೆಂಟು ವರ್ಷದಿಂದ ಈ ದೇಶದವರ ಮುರಿದ ಎಲುಬಿನ ಚಿತ್ರ ತೆಗೆಯುತ್ತಿದ್ದೇನೆ, ಕೌನ್ಸಿಲ್ ಟ್ಯಾಕ್ಸ್ ಒಂದು ತಿಂಗಳೂ ತಪ್ಪಿಸಿಲ್ಲ. ಆದರೂ ಒಂದು ಹೊಲದಲ್ಲಿ ನಿಲ್ಲಬೇಕಾದರೆ ಕಿಸೆಯಲ್ಲಿ ಚೀಟಿ ಇರಬೇಕು. ಶಾಹಿದಾ, ಬಿಡಿ ಅಕ್ಕಾ, ಬಿಪಿ ಏರುತ್ತದೆ ಎಂದಳು. ಬಿಪಿ ಆಗಲೇ ಏರಿತ್ತು.

ಮೂರೂವರೆಯ ಹೊತ್ತಿಗೆ, ಹಳೇ ಬಾವಿಯ ಕಡೆ ಇಳಿಜಾರಿನಲ್ಲಿ, ಹೆಡ್‌ಫೋನಿನಲ್ಲಿ ದುಂಡಗಿನ, ಒಡೆಯದ ದನಿ ಕೇಳಿತು. ಆ ದನಿ ಕೇಳಿದವರಿಗೆ ಅದು ಕಸ ಅಲ್ಲ ಎಂದು ಗೊತ್ತಾಗಿಬಿಡುತ್ತದೆ. ಒಂದು ಗೇಣು ಆಳ ತೋಡಿದೆ. ಹೆಂಟೆ ಒಡೆದಾಗ ಅದರೊಳಗೆ ಕಡುಹಸಿರು ಅಂಚು ಕಂಡಿತು. ಹತ್ತು ರೂಪಾಯಿಯ ನಾಣ್ಯಕ್ಕಿಂತ ದೊಡ್ಡದು, ದಪ್ಪನೆಯ ಕಂಚು, ರೋಮನರು ಈ ದೇಶ ಆಳಿದ ಕಾಲದ್ದು. ಒಂದು ಕಡೆಯ ಮಣ್ಣು ತಾನಾಗಿ ಬಿಟ್ಟುಕೊಂಡಿತ್ತು. ಅಲ್ಲಿ ಒಬ್ಬ ಹೆಣ್ಣಿನ ಮುಖ. ನೀಳ ಮೂಗು, ಸ್ವಲ್ಪ ಮುಂದೆ ಚಾಚಿದ ಗದ್ದ, ಕೂದಲು ಹೆಣೆದು ಹಿಂದೆ ಮೇಲಕ್ಕೆತ್ತಿ ಕಟ್ಟಿದ ತುರುಬು. ಮದುವೆಮನೆಯಲ್ಲಿ ಯಾರಿಗೋ ಕಾಯುತ್ತ ಬೇಸತ್ತ ಹೆಂಗಸಿನ ಹಾಗೆ ಕಂಡಳು. ನಾನು ಕೂಳೆಯ ಮೇಲೆ ಕೂತುಬಿಟ್ಟೆ. ಆರು ವರ್ಷದಲ್ಲಿ ಗಂಡಸು ರಾಜರ ಮುಖ ಸಿಕ್ಕಿದ್ದವು, ಅವೂ ಸವೆದವು. ಹೆಣ್ಣಿನ ಮುಖ ಇದೇ ಮೊದಲು.

ಶಾಹಿದಾ ಓಡಿ ಬಂದು ನೋಡಿ, ಹೆಬ್ಬೆರಳಿಗೆ ಉಗುಳು ಹಚ್ಚಿ ಉಳಿದ ಮಣ್ಣು ಒರೆಸಲು ಕೈ ಚಾಚಿದಳು. ನಾನು ಎಂಥ ಕೂಗು ಕೂಗಿದೆ ಎಂದರೆ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಕಂಚಿನ ನಾಣ್ಯ ಅಷ್ಟು ಕಾಲ ಮಣ್ಣಿನಲ್ಲಿದ್ದರೆ ಲೋಹ ಒಳಗೆ ಕುಳಿ ಬೀಳುತ್ತದೆ, ಮುಖ ಉಳಿಯುವುದು ಮೇಲಿನ ಹಸಿರು ಪದರದಲ್ಲಿ ಮಾತ್ರ, ಆ ಹಸಿರು ಹೋದರೆ ಮುಖವೂ ಹೋಗುತ್ತದೆ ಎಂದು ಅರ್ಧ ಗಂಟೆ ಪಾಠ ಮಾಡಿದೆ. ನಿನ್ನಂಥವರಿಂದಲೇ ಈ ಹವ್ಯಾಸಕ್ಕೆ ಕೆಟ್ಟ ಹೆಸರು ಎಂದೂ ಅಂದೆ. ಅವಳು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು. ಆಮೇಲೆ ಫೋನಿನಲ್ಲಿ ಒಂದು ಫೋಟೋ ತೆಗೆದಳು. ಅವಸರಕ್ಕೆ ಅದು ಅರ್ಧ ಮಸುಕಾಗಿ ಬಂತು. ಇರಲಿ, ಮಂಗಳವಾರ ದಾಖಲು ಮಾಡಿಸಲು ಒಯ್ದಾಗ ಹೇಗೂ ಮ್ಯೂಸಿಯಮ್ಮಿನವರು ಸರಿಯಾಗಿ ತೆಗೆಯುತ್ತಾರೆ ಎಂದೆ.

ಸಂಜೆ ಕಾರಿನಿಂದಲೇ ಬ್ರೆಂಡಾಗೆ ಫೋನ್ ಮಾಡಿ ಹೇಳಿದೆ, ಒಬ್ಬ ಹೆಂಗಸು ಸಿಕ್ಕಿದ್ದಾಳೆ ಎಂದು. ಆ ಹೊಲದಲ್ಲಿ ತಾನೂ ತನ್ನ ಅಪ್ಪನೂ ಉತ್ತಿದ್ದಷ್ಟೇ, ಯಾರ ಮುಖವನ್ನೂ ಕಂಡಿಲ್ಲ ಎಂದರು. ಬೆಳಿಗ್ಗೆ ಹತ್ತಕ್ಕೆ ಕನ್ನಡಕ ಒರೆಸಿಕೊಂಡು ಕೂತಿರುತ್ತೇನೆ ಎಂದರು.

ವೈನಿಯ ಮನೆಗೆ ಬಂದು ಕೈಕಾಲು ತೊಳೆದು, ನಾಣ್ಯವನ್ನು ದೇವರ ಮುಂದಿಟ್ಟೆ. ಹೊಸದೇನು ಮನೆಗೆ ಬಂದರೂ ಮೊದಲು ಜಗಲಿಗೆ ಎಂಬುದು ನಮ್ಮಲ್ಲಿ ಹುಟ್ಟಿನಿಂದ ಬಂದ ರೂಢಿ. ಮೊದಲ ಸಂಬಳದ ಚೆಕ್ಕು, ಕಾರಿನ ಕೀಲಿ, ಮಾರ್ಗೇಜ್ ಕಾಗದ, ಎಲ್ಲ ಹಾಗೇ ಇಟ್ಟವಳು ನಾನು. ಡಬ್ಬಿಯ ಸಮೇತವೇ ಇಡಲು ಹೋಗಿದ್ದೆ. ಪ್ಲಾಸ್ಟಿಕ್ ಡಬ್ಬಿ ದೇವರ ಮುಂದೆ ಚೆನ್ನಾಗಿ ಕಾಣಲಿಲ್ಲ. ಹೊರಗೆ ತೆಗೆದು ಹಿತ್ತಾಳೆಯ ತಟ್ಟೆಯಲ್ಲಿಟ್ಟು, ಕೈ ಮುಗಿದು, ಉಂಡು ಮಲಗಿದೆ.

ಮರುದಿನ ಶ್ರಾವಣದ ಸೋಮವಾರ. ಏಳಕ್ಕೆ ಎದ್ದು ಅಡುಗೆಮನೆಗೆ ಬಂದಾಗ ಊದಿನಕಡ್ಡಿಯ ಹೊಗೆ, ಮಡಿಸೀರೆಯ ವೈನಿ, ಫಳಫಳ ಹೊಳೆಯುವ ಜಗಲಿ. ಸಮೆ ಹೊಳೆಯುತ್ತಿತ್ತು, ಗಂಟೆ ಹೊಳೆಯುತ್ತಿತ್ತು. ತಟ್ಟೆಯ ನಡುವೆ ಇನ್ನೊಂದು ಏನೋ ಹೊಳೆಯುತ್ತಿತ್ತು. ಅದಕ್ಕೆ ವಿಭೂತಿ ಹಚ್ಚಿ, ಮೇಲೆ ಹಿತ್ತಲಿನ ಗುಲಾಬಿಯ ಒಂದು ಎಸಳು ಇಟ್ಟಿದ್ದರು.

ನಾನು ಎಸಳು ತೆಗೆದು ವಿಭೂತಿ ಊದಿದೆ. ಹೊಸ ಬೀಗದ ಕೀಲಿಯ ಬಣ್ಣ. ಮೂಗಿಲ್ಲ, ತುರುಬಿಲ್ಲ, ಗದ್ದವಿಲ್ಲ. ಸಿಡುಬಿನ ಕಲೆಯಂಥ ಕುಳಿಗಳು, ಅಷ್ಟೇ. ಸಿಂಕಿನ ಪಕ್ಕದಲ್ಲಿ ಹಿಂಡಿದ ಹುಣಸೆಹಣ್ಣಿನ ಚರಟ ಬಿದ್ದಿತ್ತು, ಮಗ್ಗುಲಲ್ಲಿ ಉಪ್ಪಿನ ಡಬ್ಬಿ, ಪಾತ್ರೆ ತಿಕ್ಕುವ ಸ್ಟೀಲಿನ ಜುಂಗು.

"ಎಷ್ಟು ಹೊಲಸ ಹತ್ತಿತ್ತವಾ ಅದಕ್ಕ," ಎಂದರು ವೈನಿ ಸಂತೋಷದಿಂದ. "ಎರಡ ಸಲ ಹುಣಸಿಹಣ್ಣ ಹಚ್ಚಿ ತಿಕ್ಕಿದೆ. ಈಗ ನೋಡು, ಹೆಂಗ ಹೊಳಿಯಾಕತ್ತೈತಿ."

ನಾನು ಏನೇನು ಕೂಗಿದೆ ಎಂದು ಪೂರ್ತಿ ಬರೆಯಲಾರೆ. ತಿಕ್ಕೆಂದು ನಿಮಗೆ ಯಾರು ಹೇಳಿದರು ಎಂದೆ. ಸಾವಿರ ವರ್ಷಕ್ಕೂ ಮೀರಿ ಉಳಿದದ್ದನ್ನು ಒಂದು ಮುಂಜಾನೆಯಲ್ಲಿ ಮುಗಿಸಿದಿರಿ ಎಂದೆ. ಜಗತ್ತಿನಲ್ಲಿ ಇರುವುದನ್ನೆಲ್ಲ ಪಾತ್ರೆ ಅಂದುಕೊಂಡಿದ್ದೀರಿ ಎಂದೂ ಅಂದೆ, ಅದು ಅನ್ನಬಾರದ ಮಾತು. ಶಾಹಿದಾ ಮೆಟ್ಟಿಲ ಮೇಲೆ ಬಂದು ನಿಂತಿದ್ದಳು. ವೈನಿ ನಾನು ಮುಗಿಸುವವರೆಗೆ ಕೈಯಲ್ಲಿದ್ದ ಬಟ್ಟೆ ಹಿಡಿದುಕೊಂಡೇ ನಿಂತರು. ಅವರು ದನಿ ಏರಿಸಲಿಲ್ಲ.

"ದೇವರ ಮುಂದ ಇಟ್ಟಾಕಿ ನೀನ ಅಲ್ಲೇನ? ಸೋಮವಾರ ಜಗಲಿ ಮ್ಯಾಲಿಂದೆಲ್ಲಾ ತೊಳೀತೀವಿ ಅನ್ನೂದು ನಿನಗ ಗೊತ್ತಿಲ್ಲೇನು? ನನಗಿದು ಕಲಿಸಿದಾಕಿ ನಿಮ್ಮವ್ವ."

ಗೊತ್ತಿತ್ತು. ಸೋಮವಾರ ಮುಂಜಾನೆ ಹಿತ್ತಲಲ್ಲಿ ಕೂತು ಅವ್ವನ ಜೊತೆ ಅದೇ ಸಮೆ, ಅದೇ ತಟ್ಟೆ ತಿಕ್ಕಿದ ಕೈ ಇದು. ಹುಣಸೆಯ ಹುಳಿಗೆ ಬೆರಳ ತುದಿ ಸುಕ್ಕಾಗುತ್ತಿತ್ತು. ದೇವರ ಮುಂದೆ ಇಟ್ಟದ್ದು ಕೊಳೆಯಾಗಿರಬಾರದು ಎಂಬುದು ನಮ್ಮ ಮನೆಯ ಕಾನೂನು. ಊರಿಗೆಲ್ಲ ಪಾಠ ಹೇಳುವ ನನಗೆ ರೂಢಿಯ ಮೊದಲರ್ಧ ನೆನಪಿತ್ತು, ಎರಡನೆಯ ಅರ್ಧ ಮರೆತಿತ್ತು. ಆದರೂ ಅವತ್ತು ತಪ್ಪಾಯಿತು ಅನ್ನಲಿಲ್ಲ. ಅದನ್ನು ಅನ್ನಲು ನನಗೆ ಮತ್ತೊಂದು ವಾರ ಬೇಕಾಯಿತು, ಅದೂ ಫೋನಿನಲ್ಲಿ. ಅವತ್ತು ಉಪ್ಪಿಟ್ಟು ಮುಟ್ಟದೆ ಹೊರಬಿದ್ದೆ. ವೈನಿ ಕಟ್ಟಿಕೊಟ್ಟ ಬುತ್ತಿಯನ್ನು ಶಾಹಿದಾ ಇಸಿದುಕೊಂಡು ಬಂದಳು.

ಹದಿನೈದು ಮೈಲಿ ಉದ್ದಕ್ಕೂ ಸಣ್ಣ ಮಳೆ. ನನ್ನ ಕೈಗೆ ಸ್ಟೀರಿಂಗ್ ಒಂದೇ ಸಿಕ್ಕಿದ್ದು, ಅದನ್ನೇ ಹಿಸುಕಿದೆ. ಎರಡು ವರ್ಷದ ಪತ್ರಗಳು, ಹನ್ನೊಂದು ಅಂಚೆಚೀಟಿ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎಂದು ಗಾದೆ ನೆನಪಾಗಿ, ಆ ಗಾದೆಯ ಮೇಲೂ ಸಿಟ್ಟು ಬಂತು. ಹೋಗದೇ ಇದ್ದರಾಯಿತು, ಕಳೆದುಹೋಯಿತು ಎಂದು ಮೆಸೇಜ್ ಹಾಕಿದರಾಯಿತು ಎಂದೂ ಯೋಚಿಸಿದೆ. ನಾಳೆ ನಮ್ಮ ಕಡೆಯ ಹೆಸರಿನ ಇನ್ನೊಬ್ಬ ಶೈಲಾ ಪತ್ರ ಬರೆದರೆ ಬ್ರೆಂಡಾ ಏನೆಂದುಕೊಂಡಾರು ಎಂಬ ಯೋಚನೆ ಬಂದು ಕಾರು ತಿರುಗಿಸಲಿಲ್ಲ.

ಬ್ರೆಂಡಾ ಅಡುಗೆಮನೆಯ ಮೇಜಿನ ಮೇಲೆ ಪೇಪರ್ ಹಾಸಿದ್ದರು. ಅದರ ಮೇಲೆ ಮೇಜುದೀಪ, ಹಿಡಿಕೆಯ ಭೂತಗನ್ನಡಿ, ಮೂರು ಕಪ್ ಚಹಾ ಇಟ್ಟಿದ್ದರು. ಕೂದಲು ಬಾಚಿ ತಿಳಿನೀಲಿ ಕಾರ್ಡಿಗನ್ ಹಾಕಿಕೊಂಡಿದ್ದರು. ಬಂದವರಿಗಾಗಿ ಅಲ್ಲ, ನಾಣ್ಯದವಳಿಗಾಗಿ ಎಂದು ನನಗನಿಸಿತು. ಡಬ್ಬಿ ಮೇಜಿನ ಮೇಲಿಟ್ಟೆ. ಮುಚ್ಚಳ ತೆಗೆಯುವ ಮುಂಚೆಯೇ ಶಾಹಿದಾ ಬಾಯಿ ತೆರೆದಳು.

"ತೊಳೆದದ್ದು ನಾನು," ಎಂದಳು ಇಂಗ್ಲಿಷಿನಲ್ಲಿ. "ನಾನು ಹೊಸಬಳು, ನನಗೆ ಗೊತ್ತಿರಲಿಲ್ಲ. ಇವರದೇನೂ ತಪ್ಪಿಲ್ಲ."

ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದರೆ, ಬ್ರೆಂಡಾ ಅವಳ ಕಡೆ ತಿರುಗಿ, ಕನ್ನಡಕ ಏರಿಸಿ, ಅವಳನ್ನು ಮೇಲಿಂದ ಕೆಳಗೆ ನೋಡಿ ಮುಗಿಸುವಷ್ಟು ಹೊತ್ತು. ನಿನ್ನೆ ನನ್ನಿಂದ ಬೈಸಿಕೊಂಡವಳು ಇಂದು ನನಗೆ ಆ ಹೊಲ ಉಳಿಸಿಕೊಡುತ್ತಿದ್ದಳು, ನಾನು ಅದಕ್ಕೆ ಬಿಡುತ್ತಿದ್ದೆ. ವೈನಿಯ ಮೇಲಿನ ಸಿಟ್ಟು, ನಾಯಿಯವರ ಮೇಲಿನ ಸಿಟ್ಟು, ಪತ್ರಕ್ಕೆ ಉತ್ತರಿಸದ ಒಂಬತ್ತು ಜನರ ಮೇಲಿನ ಸಿಟ್ಟು ಎಲ್ಲ ಸೇರಿದರೂ ಆ ಹೊತ್ತಿನ ನನ್ನ ಮೌನದ ಮೇಲಿನ ಸಿಟ್ಟಿಗೆ ಸಮವಲ್ಲ. ಈಗಲೂ ನೆನೆದರೆ ಮೈ ಉರಿಯುತ್ತದೆ.

"ಅಲ್ಲ," ಎಂದೆ. "ಅವಳು ಮುಟ್ಟಲು ಹೋದಾಗ ಕೂಗಾಡಿದವಳು ನಾನು. ನಾನೇ ಇದನ್ನು ದೇವರ ಮುಂದಿಟ್ಟೆ. ಅಲ್ಲಿಟ್ಟದ್ದನ್ನು ನಮ್ಮ ಮನೆಯಲ್ಲಿ ತೊಳೆಯುತ್ತಾರೆ. ಅದು ನನಗೆ ಗೊತ್ತಿತ್ತು."

ಬ್ರೆಂಡಾ ಮುಚ್ಚಳ ತೆಗೆದರು. ದೀಪದ ಕೆಳಗೆ ಹಿಡಿದು ಒಂದು ಕಡೆ ನೋಡಿದರು, ತಿರುಗಿಸಿ ಇನ್ನೊಂದು ಕಡೆ ನೋಡಿದರು. ಭೂತಗನ್ನಡಿ ಎತ್ತಿಕೊಳ್ಳಲಿಲ್ಲ. ಶಾಹಿದಾ ಫೋನಿನಲ್ಲಿದ್ದ ಆ ಮಸುಕು ಫೋಟೋ ತೆರೆದು ಮುಂದಿಟ್ಟಳು. ಅದನ್ನು ಮಾತ್ರ ಅವರು ಬಹಳ ಹೊತ್ತು ನೋಡಿದರು. ಮೂಗು ಕಾಣುತ್ತಿತ್ತು, ತುರುಬಿನ ಅರ್ಧ ಕಾಣುತ್ತಿತ್ತು.

"ಐವತ್ತು ವರ್ಷ ಇವಳ ತಲೆಯ ಮೇಲೆ ಟ್ರ್ಯಾಕ್ಟರ್ ಓಡಿಸಿದ್ದೇನೆ," ಎಂದರು. "ಇವಳಿಗೆ ಏನೂ ಆಗಿರಲಿಲ್ಲ."

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಗುಳಕ್ಕೆ ಉತ್ತರ ಕೊಡುವುದು ನನಗೆ ಬರುತ್ತದೆ. ಅವರು ಬೈಯಲಿಲ್ಲ. ನೀವು ನಿಜ ಹೇಳಿದಿರಿ, ಹಿಂದಿನವರು ಅದನ್ನೂ ಹೇಳಲಿಲ್ಲ ಎಂದರು. ಮುಂದಿನ ವರ್ಷ ಬರಬಹುದೇ ಎಂದು ಶಾಹಿದಾಳೇ ಕೇಳಿದಳು. ಬ್ರೆಂಡಾ ಎದ್ದು ಸಿಂಕಿನ ಮೇಲಿನ ಕಿಟಕಿ ತೆರೆದು, ಹೊರಗಿನ ಕಲ್ಲಿನ ಅಂಚಿನ ಮೇಲೆ, ಮಳೆಯಲ್ಲಿ, ನಾಣ್ಯವನ್ನು ಇಟ್ಟರು.

"ಇದು ಮತ್ತೆ ಹಸಿರಾದ ಮೇಲೆ ಬನ್ನಿ."

ಅದಕ್ಕೆ ಎಷ್ಟು ಕಾಲ ಬೇಕಾದೀತು ಎಂದು ಶಾಹಿದಾ ಕೇಳಿದಳು. ಎಂಜಿನಿಯರ್ ಅಲ್ಲವೇ, ಅಂದಾಜು ಬೇಕಿತ್ತು. ಇಲ್ಲಿಯ ಮಳೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ನನ್ನ ಕಾಲದಲ್ಲಂತೂ ಅಲ್ಲ ಎಂದು ಹೇಳಿ ಬ್ರೆಂಡಾ ಕಿಟಕಿ ಮುಚ್ಚಿದರು. ನಮ್ಮ ಚಹಾ ಆರಿತ್ತು. ಕುಡಿದು ಎದ್ದೆವು.

ಶಾಹಿದಾ ಇಳಿದು ಗೇಟು ತೆರೆದಳು, ಕಾರು ದಾಟಿದ ಮೇಲೆ ಸರಪಳಿ ಸಿಕ್ಕಿಸಿ ಬಂದು ಕೂತಳು. ಅಷ್ಟು ಹೊತ್ತು ನಾನು ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದೆ. ಕೂಳೆಯ ಹೊಲ, ಕಪ್ಪು ಮೋಡ, ಬೂದುಕಲ್ಲಿನ ಮನೆ, ಎಲ್ಲ ಮಳೆಯಲ್ಲಿ ಒಂದೇ ಬಣ್ಣಕ್ಕೆ ತಿರುಗಿದ್ದವು. ಕಿಟಕಿಯ ಅಂಚಿನ ಮೇಲೆ ಅದೊಂದೇ ಗೇಟಿನವರೆಗೂ ಹೊಳೆಯುತ್ತಿತ್ತು. ವೈನಿ ಅಷ್ಟು ಚೆನ್ನಾಗಿ ತಿಕ್ಕಿದ್ದರು.